ಬಾಗಿಲು ಬಾಗಿಲಿಗೂ ನಿಲ್ಲುವ ಕತ್ತೆ

ಮಾರ್ಚ್ ೪, ಸೋಮವಾರ

ಈ ಕತ್ತೆಯ ಕಥೆಯನ್ನು ಮೊದಲು ಹೇಳಿದ್ದು ಕನ್ನಡಕದಕ್ಕ. ಹೇಳಿದ್ದು ಇವತ್ತು ಊಟದ ಹೊತ್ತಿಗೆ ಸ್ವಲ್ಪ ಮುಂಚೆ, ಅವರ ತಲೆಗೂದಲನ್ನು ನಾನು ಒಂದು ಪಕ್ಕ ಕತ್ತರಿಸಿ ಇನ್ನೊಂದು ಪಕ್ಕ ಹಾಗೇ ಉಳಿದಿದ್ದಾಗ. ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ. ಮೊದಲಾದರೆ ಬರೆಯುವ ತೊಂದರೆ ಇರಲಿಲ್ಲ. ಇಂಥದ್ದು ಸಿಕ್ಕಿದ ತಕ್ಷಣ ಅಣ್ಣನ ಕಿವಿಗೆ ಹಾಕಿದರೆ ಸಾಕಾಗಿತ್ತು. ಸಂಜೆಯೊಳಗೆ ಅವನು ಅದಕ್ಕೆ ಮೀಸೆ, ಬಾಲ, ಗೆಜ್ಜೆ ಎಲ್ಲ ಹಚ್ಚಿ ಬೀದಿಗೆಲ್ಲ ಹಂಚಿಬಿಡುತ್ತಿದ್ದ.

ಕನ್ನಡಕದಕ್ಕ ನಮ್ಮ ಕ್ಷೌರದಂಗಡಿಯ ಪಕ್ಕದಲ್ಲೇ ಕನ್ನಡಕ ಮಾಡುವವರು. ಸಮುದ್ರದಾಚೆ ಒಣ ಬೆಟ್ಟದ ಮೇಲಿನ ಹಳ್ಳಿಯೊಂದರಿಂದ ಬಂದು ಇಲ್ಲೇ ಬೇರುಬಿಟ್ಟವರು. ನಮ್ಮ ಮಾತನ್ನು ಚೆನ್ನಾಗಿಯೇ ಆಡುತ್ತಾರೆ. ಗಾಜು ಉಜ್ಜುವಾಗ ಮಾತ್ರ ತಮ್ಮಷ್ಟಕ್ಕೆ ತಾವು ಸ್ಪ್ಯಾನಿಷ್‌ನಲ್ಲಿ ಗೊಣಗುತ್ತಾರೆ.

ಕಥೆ ಇದು. ಅವರ ಅಜ್ಜಿಯ ಊರಲ್ಲಿ ಉಪ್ಪು ಮಾರುವವನೊಬ್ಬನಿದ್ದ, ಮಹಾ ಬಾಯಿಬಡುಕ. ಕತ್ತೆಯ ಮೇಲೆ ಉಪ್ಪು ಹೇರಿಕೊಂಡು ಪ್ರತಿ ಬಾಗಿಲಲ್ಲೂ ನಿಂತು ಹರಟುತ್ತಿದ್ದ. ಅವನು ತೀರಿಕೊಂಡ ಮೇಲೆ ಆ ಕತ್ತೆಯನ್ನು ಕೊಂಡವನು ತುಟಿ ಎರಡು ಮಾಡದ ಮನುಷ್ಯ. ಅವನಿಗೆ ಪಕ್ಕದ ಊರಲ್ಲಿ ಹೆಣ್ಣು ಗೊತ್ತಾಯಿತು. ಹೊಸ ಅಂಗಿ ತೊಟ್ಟು ಕತ್ತೆ ಹತ್ತಿ ಹೊರಟ. ಕತ್ತೆ ಮೊದಲ ಬಾಗಿಲಲ್ಲೇ ನಿಂತುಬಿಟ್ಟಿತು. ಹೊಡೆದ, ತಳ್ಳಿದ, ಕಾಲು ಹಿಡಿದ. ಊಹೂಂ. ಒಳಗಿಂದ ಮುದುಕಿ ಬಂದು ಏನಪ್ಪಾ ಅಂದಳು. ದಾರಿ ಕಾಣದೆ, 'ಚೆನ್ನಾಗಿದ್ದೀರಾ? ಮಂಡಿನೋವು ಹೇಗಿದೆ?' ಅಂದ. ಕತ್ತೆ ಹೊರಟಿತು! ಮುಂದಿನ ಬಾಗಿಲಲ್ಲಿ ಮತ್ತೆ ಅದೇ ಕಥೆ. ಹೀಗೆ ಊರಿನವರನ್ನೆಲ್ಲ ಮಾತಾಡಿಸಿಕೊಂಡು ಮದುವೆಮನೆ ಮುಟ್ಟುವಷ್ಟರಲ್ಲಿ ಹೊತ್ತು ಮುಳುಗುತ್ತಿತ್ತು. ಹುಡುಗಿ ಬಾಗಿಲಲ್ಲೇ ನಿಂತಿದ್ದಳಂತೆ. 'ಗಂಡು ಮೂಗ ಅಂತ ಹೇಳಿದ್ರು, ಬೇಡ ಅನ್ನೋಣ ಅಂತಿದ್ದೆ. ದಾರಿಯುದ್ದಕ್ಕೂ ಹರಟ್ತಾ ಬಂದ್ಯಂತೆ. ಒಳಗೆ ಬಾ' ಅಂದಳಂತೆ.

ನಾನು ನಕ್ಕು ಕತ್ತರಿ ಕೆಳಗಿಟ್ಟೆ. ಕನ್ನಡಕದಕ್ಕ ಕನ್ನಡಿಯಲ್ಲೇ ನನ್ನ ನೋಡಿ, "ತಮ್ಮಾ, ನಿಂಗೆ ಹಲ್ಲಿದೆ ಅಂತ ಇವತ್ತು ಗೊತ್ತಾಯ್ತು. ಈಗ ಇನ್ನೊಂದು ಪಕ್ಕಾನೂ ಕತ್ತರಿಸಪ್ಪ" ಅಂದರು.

ಅಂಗಡಿ ನಡೆಸುವ ನಮ್ಮಿಬ್ಬರಿಗೂ ಬೀದಿಯಲ್ಲಿ ಅಡ್ಡಹೆಸರಿದೆ. ಅಣ್ಣ ರೇಡಿಯೊ, ನಾನು ಗೋಡೆ. ಚಳಿಗಾಲದಲ್ಲಿ ಅಣ್ಣನ ಮಿದುಳಲ್ಲಿ ರಕ್ತ ಹೆಪ್ಪುಗಟ್ಟಿತು. ಕೈಕಾಲು ಉಳಿಯಿತು. ಮಾತು ಹೋಯಿತು. ನಾವಾಡುವುದೆಲ್ಲ ಅರ್ಥವಾಗುತ್ತದೆ, ಹೇಳಬೇಕಾದ ಪದ ಮಾತ್ರ ಬಾಯಿಗೆ ಬರುವುದಿಲ್ಲ. ಅಭ್ಯಾಸ ಮಾಡಿದರೆ ಬರುತ್ತದೆ ಎಂದು ಮಾತು ಕಲಿಸುವ ಟೀಚರಮ್ಮ ಹೇಳುತ್ತಾರೆ. ಆದರೆ ಅಣ್ಣ ಯಾರೆದುರೂ ಬಾಯಿ ತೆರೆಯುವುದಿಲ್ಲ. ಅಂಗಡಿಯ ಮೇಲಿನ ಮನೆಯಲ್ಲಿ ಕಿಟಕಿಗೆ ಮುಖ ಮಾಡಿ ಕೂತುಬಿಟ್ಟಿದ್ದಾನೆ. ತನ್ನ ಜಾಗಕ್ಕೆ ಬೇರೆಯವರನ್ನು ಇಟ್ಟುಕೊಳ್ಳಿ ಎಂದು ನಿನ್ನೆ ಅತ್ತಿಗೆಗೆ ಕೈಸನ್ನೆಯಲ್ಲಿ ತಿಳಿಸಿದನಂತೆ.

ಇಟ್ಟುಕೊಳ್ಳುವುದಿಲ್ಲ. ಅವನು ಕೆಳಗೆ ಬರಬೇಕು. ಹೇಗೆ ಅಂತ ಗೊತ್ತಿಲ್ಲ.

ಮಾರ್ಚ್ ೬, ಬುಧವಾರ

ಕತ್ತೆಗೆ ಅವರಲ್ಲಿ ಏನಂತಾರೆ ಎಂದು ಕೇಳಿದೆ. ಬುರ್ರೊ. ನಾಲಿಗೆಯನ್ನು ಅಂಗುಳಕ್ಕೆ ತಾಗಿಸಿ ಅದುರಿಸಬೇಕು. ಗಿರಾಕಿ ಇಲ್ಲದ ಹೊತ್ತಲ್ಲಿ, ಚರ್ಮದ ಪಟ್ಟಿಗೆ ಕತ್ತಿ ಮಸೆಯುತ್ತ ಅದನ್ನೇ ಅಂದುಕೊಳ್ಳುತ್ತಿದ್ದೆ. ಎದುರಂಗಡಿಯ ದರ್ಜಿ ಬಾಗಿಲಲ್ಲಿ ಇಣುಕಿದ.

"ಏನಯ್ಯಾ ಗೋಡೆ, ಚಳಿ ಹಿಡಿದಿದ್ಯಾ?"

ನಾನು ಕತ್ತಿ ಮಸೆಯುತ್ತಲೇ ಇದ್ದೆ. ಅಣ್ಣ ಇದ್ದಿದ್ದರೆ ಅವನ ಅಂಗಿಯ ಗುಂಡಿ ಹೊಲಿಗೆಯಿಂದ ಹಿಡಿದು ಅವನಪ್ಪನ ತನಕ ಹೋಗಿ ಬರುತ್ತಿದ್ದ.

ಮಾರ್ಚ್ ೧೫, ಶುಕ್ರವಾರ

ಗಿರಾಕಿಗಳು ಕಡಿಮೆ. ದರ್ಜಿಯೂ ಈಗ ಹಿಂದಿನ ಬೀದಿಯ ದೊಡ್ಡ ಸಲೂನಿಗೆ ಹೋಗುತ್ತಾನೆ. 'ಅಲ್ಲಿ ಟೀವಿ ಇದೆ, ಇಲ್ಲಿ ನಿನ್ನ ಉಸಿರು ಬಿಟ್ರೆ ಬೇರೆ ಸದ್ದಿಲ್ಲ' ಅಂತ ಮುಖಕ್ಕೇ ಹೇಳಿದ.

ಆದರೂ ಇವತ್ತೊಂದು ಖುಷಿ. ನನಗೆ ಇಷ್ಟ ಅನ್ನುವುದಕ್ಕೆ ಅವರು ಮೆ ಗುಸ್ತ ಅನ್ನುತ್ತಾರೆ. ಅಲ್ಲೂ ನಮ್ಮ ಹಾಗೆಯೇ. ನಾನು ಹೋಗಿ ಇಷ್ಟಪಡುವುದಲ್ಲ, ಇಷ್ಟವೇ ನನ್ನ ಹತ್ತಿರ ಬರುವುದು. ಹಸಿವು, ನಿದ್ದೆ ಬಂದ ಹಾಗೆ. ಸಮುದ್ರದಾಚೆ ಒಬ್ಬ ದೂರದ ಸಂಬಂಧಿ ಸಿಕ್ಕಿದಂತಾಯಿತು. ಅವರ ಪದಗಳೂ ನಮ್ಮವುಗಳ ಹಾಗೇ ಬಾಯಿ ತೆರೆದುಕೊಂಡೇ ಮುಗಿಯುತ್ತವೆ: ಕಾಸ, ಪುವೆರ್ತ, ಬುರ್ರೊ. ಮನೆ, ಬಾಗಿಲು, ಕತ್ತೆ. ದಿನವಿಡೀ ಇವನ್ನೇ ನಾಲಿಗೆ ಮೇಲೆ ಹೊರಳಿಸಿದೆ. ಸಕ್ಕರೆ ಇಟ್ಟುಕೊಂಡ ಹಾಗೆ.

ಮಾರ್ಚ್ ೨೨, ಶುಕ್ರವಾರ

ಅಣ್ಣ ಇವತ್ತು ಕೆಳಗಿಳಿದು ಬಂದ! ಒಳಬಾಗಿಲ ಹತ್ತಿರ ನಿಂತ. ಕನ್ನಡಿ ನೋಡಿದ, ತನ್ನ ಕುರ್ಚಿ ನೋಡಿದ. ಬಾ ಅಣ್ಣ ಅಂದೆ. ತಿರುಗಿ ಮೇಲೆ ಹೋಗಿಬಿಟ್ಟ. ಆಮೇಲೆ ಊಟವನ್ನೂ ಮುಟ್ಟಲಿಲ್ಲ ಎಂದು ಅತ್ತಿಗೆ ಹೇಳಿದರು.

ಏನು ತಪ್ಪಾಯಿತೋ.

ಏಪ್ರಿಲ್ ೨, ಮಂಗಳವಾರ

ಕನ್ನಡಕದಕ್ಕನ ಊಟದ ಡಬ್ಬಿ ಖಾಲಿಯಾದ ಮೇಲೂ ಅವರು ಅದರ ಮುಂದೆ ಕೂತೇ ಇರುತ್ತಾರೆ. ಯಾಕೆ ಎಂದು ಕೇಳಿದೆ. ಅದಕ್ಕೊಂದು ಪದವೇ ಇದೆಯಂತೆ: ಸೋಬ್ರೆಮೇಸ. ಉಂಡ ಮೇಲೆ ಏಳದೆ, ಮೇಜಿನ ಸುತ್ತ ಸುಮ್ಮನೆ ಮಾತಾಡುತ್ತ ಕೂರುವ ಹೊತ್ತು. ತಟ್ಟೆ ಒಣಗಲಿ, ನೊಣ ಬರಲಿ, ಎದ್ದರೆ ಅವರಲ್ಲಿ ಮರ್ಯಾದೆಯಲ್ಲ.

"ನಿಮ್ಮಲ್ಲಿ ಏನ್ಮಾಡ್ತೀರಿ?" ಅಂದರು.

"ಕೈ ತೊಳಿತೀವಿ" ಅಂದೆ.

"ಅಯ್ಯೋ ಪಾಪ" ಅಂದರು.

ಮಧ್ಯಾಹ್ನ ನನ್ನ ತಟ್ಟೆ ಹಿಡಿದು ಅಣ್ಣನ ಕೋಣೆಗೇ ಹೋದೆ. ಅವನು ಮುಖ ತಿರುಗಿಸಲಿಲ್ಲ. ನಾನೂ ಮಾತಾಡಿಸಲಿಲ್ಲ, ಮಾತಾಡಿಸಿದರೆ ಅವನು ಉತ್ತರ ಕೊಡಬೇಕಲ್ಲ. ಉಂಡು, ಏಳದೆ ಅಲ್ಲೇ ಕೂತು, ಕಲಿತಷ್ಟು ಸ್ಪ್ಯಾನಿಷ್ಷನ್ನು ಗಟ್ಟಿಯಾಗಿ ಹೇಳಿಕೊಂಡೆ. ಕತ್ತಿಗೆ ನವಾಹ. ಕುರ್ಚಿಗೆ ಸೀಯ. ಅಣ್ಣನಿಗೆ, ತಮ್ಮನಿಗೆ, ಇಬ್ಬರಿಗೂ ಎರ್ಮಾನೊ.

ಅತ್ತಿಗೆ ತಟ್ಟೆ ತೆಗೆಯಲು ಬಂದವರು ಬಾಗಿಲಲ್ಲೇ ನಿಂತರು. "ಚೆನ್ನಾಗಿದೆ ಸಂಸಾರ. ಮಾತಾಡೋ ಒಬ್ರ ಮಾತು ನಿಂತುಹೋಯ್ತು. ಮಾತಾಡದ ಒಬ್ನು ಶುರು ಮಾಡಿದಾನೆ, ಅದು ಯಾರಿಗೂ ಅರ್ಥವಾಗಲ್ಲ."

ಏಪ್ರಿಲ್ ೯, ಮಂಗಳವಾರ

ಈಗ ದಿನಾ ಅಲ್ಲೇ ಊಟ. ಇವತ್ತು ಕತ್ತೆಯ ಕಥೆಯನ್ನೇ ಸ್ಪ್ಯಾನಿಷ್‌ನಲ್ಲಿ ಹೇಳಲು ಹೊರಟೆ. ಉಪ್ಪಿನವನು ಬಂದ, ಕತ್ತೆ ಬಂತು, ಬಾಗಿಲು ಬಂತು. ಮುದುಕಿಗೆ ಏನಂತಾರೆ ಎಂಬುದು ಬರಲೇ ಇಲ್ಲ. ಎದ್ದು, ಸೊಂಟ ಬಗ್ಗಿಸಿ, ಅತ್ತಿಗೆ ಮಡಿಸಿಟ್ಟಿದ್ದ ಸೀರೆ ತೆಗೆದು ಅದರ ಸೆರಗು ತಲೆಗೆ ಹೊದ್ದು ಮುದುಕಿಯಾಗಿ ತೋರಿಸಿದೆ. ಬರದ ಪದಗಳಿಗೆ ನಮ್ಮ ಪದವನ್ನೇ ತುರುಕಿದೆ. ಬೆವರು ಇಳಿಯಿತು. ನಡುನಡುವೆ ಯಾರೋ ಹೂಂ, ಹೂಂ ಅನ್ನುತ್ತಿದ್ದರು. ಹಳ್ಳಿಯಲ್ಲಿ ಕಥೆ ಕೇಳುವಾಗ ನಾವೆಲ್ಲ ಹೂಂಗುಟ್ಟುತ್ತಿದ್ದೆವಲ್ಲ, ಹಾಗೆ. ಅತ್ತಿಗೆ ಎಂದುಕೊಂಡೆ.

ಈಗ ಬರೆಯುವಾಗ ನೆನಪಾಗುತ್ತಿದೆ. ಸೆರಗು ನನ್ನ ತಲೆ ಮೇಲಿದ್ದಷ್ಟು ಹೊತ್ತು ಅತ್ತಿಗೆ ನಗು ತಡೆಯಲು ಬಾಯಿಗೆ ಕೈ ಅಡ್ಡ ಹಿಡಿದುಕೊಂಡಿದ್ದರು. ಹಾಗಾದರೆ ಹೂಂ ಅಂದವರು ಯಾರು?

ಮುದುಕಿಗೆ ಏನಂತಾರೆ ಎಂದು ನಾಳೆ ತಪ್ಪದೆ ಕೇಳಬೇಕು.

ಏಪ್ರಿಲ್ ೧೮, ಗುರುವಾರ

ನನಗೆ ಬುದ್ಧಿ ಯಾವಾಗ ಬರುತ್ತದೋ.

ಅತ್ತಿಗೆ ಇವತ್ತು ಅಂಗಡಿ ಗುಡಿಸಲು ಬಂದರು. ಅಣ್ಣನ ಕುರ್ಚಿ ನೋಡಿ ಪೊರಕೆ ಹಿಡಿದು ಹಾಗೇ ನಿಂತರು.

"ಇದಕ್ಕೆ ಬಟ್ಟೆ ಹೊದಿಸಿದ್ಯಾರು?"

"ನಾನೇ ಅತ್ತಿಗೆ. ಧೂಳು ಕೂರಬಾರದು ಅಂತ."

"ಅವ್ರು ಕೆಳಗೆ ಬಂದ ದಿನಾನೂ ಇತ್ತಾ?"

ಇತ್ತು. ಆಗ ಹೊಳೆಯಿತು. ನಮ್ಮ ಕಸುಬಿನಲ್ಲಿ ಯಾರಾದರೂ ಕೆಲಸ ಬಿಟ್ಟು ಹೋದರೆ ಅವರ ಕುರ್ಚಿಗೆ ಬಟ್ಟೆ ಹೊದಿಸಿ ಇಡುತ್ತೇವೆ, ಗಿರಾಕಿ ತಪ್ಪಿ ಅಲ್ಲಿ ಹೋಗಿ ಕೂರದಿರಲಿ ಎಂದು. ಧೂಳಿಗೆ ಯಾರೂ ಹೊದಿಸುವುದಿಲ್ಲ. ಕುರ್ಚಿಗೆ ಧೂಳು ಕೂರುವಷ್ಟು ಬಿಡುವು ಯಾವ ಅಂಗಡಿಯಲ್ಲಿರುತ್ತದೆ? ಇದನ್ನು ನನಗೆ ಕಲಿಸಿದವನೇ ಅಣ್ಣ. ಅವನು ಇಳಿದು ಬಂದು ಕಂಡದ್ದು ಏನು? ನೀನು ಕೆಲಸ ಬಿಟ್ಟವನು ಎಂದು ತಮ್ಮ ಬಟ್ಟೆ ಹೊದಿಸಿ ಹೇಳಿದ್ದು.

"ಜೋಪಾನ ಮಾಡೋಕೆ ಹೋಗಿ ಎಂಥ ಕೆಲಸ ಮಾಡಿದ್ಯೋ" ಅಂದರು ಅತ್ತಿಗೆ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಬಟ್ಟೆ ಕಿತ್ತು ಮೆಟ್ಟಿಲು ಹತ್ತಿದೆ. ಅಣ್ಣನ ಎದುರು ನಿಂತೆ. ಹುಟ್ಟಿದಾಗಿನಿಂದ ಅವನ ಮುಂದೆ ತಪ್ಪಾಯ್ತು ಅಂದವನಲ್ಲ ನಾನು. ನಮ್ಮಿಬ್ಬರ ನಡುವೆ ಆ ಪದ ಓಡಾಡಿಯೇ ಇಲ್ಲ. ಕೊನೆಗೆ "ಪೆರ್ದೋನ್, ಎರ್ಮಾನೊ" ಅಂದೆ. ಹೊಸ ಭಾಷೆಗೆ ನಮ್ಮ ಹಳೆಯ ಬಿಗುಮಾನ ಗೊತ್ತಿಲ್ಲ, ಸಲೀಸಾಗಿ ಬಂತು. ಆಮೇಲೆ ಬಟ್ಟೆಯ ವಿಷಯವನ್ನೆಲ್ಲ ನಮ್ಮ ಮಾತಿನಲ್ಲೇ ಹೇಳಿದೆ.

ಅಣ್ಣ ನನ್ನ ತಲೆಗೊಂದು ಮೊಟಕಿದ. ಚಿಕ್ಕಂದಿನಲ್ಲಿ ಕತ್ತರಿ ಬೀಳಿಸಿದಾಗ ಮೊಟಕುತ್ತಿದ್ದ ಹಾಗೆಯೇ. ನೋವಾಯಿತು. ಸಮಾಧಾನವೂ ಆಯಿತು.

ಮೇ ೩, ಶುಕ್ರವಾರ

ಕನ್ನಡಕದಕ್ಕನ ಅಂಗಡಿಯ ರೇಡಿಯೊದಲ್ಲಿ ಇವತ್ತು ಹಲವು ದೇಶದವರು ಕೂತು ಹರಟುತ್ತಿದ್ದರು. ಒಬ್ಬಳು ಹಾಡಿನ ಹಾಗೆ ಎಳೆಯುತ್ತಾಳೆ, ಒಬ್ಬ ಪದದ ಕೊನೆಯನ್ನೇ ನುಂಗುತ್ತಾನೆ. ಎಲ್ಲ ಒಂದೇ ಭಾಷೆ, ಒಬ್ಬೊಬ್ಬರ ಬಾಯಲ್ಲೂ ಬೇರೆ ರುಚಿ. ನುಂಗುವವರು ಕರಾವಳಿಯ ಕಡೆಯವರು, ಎಳೆಯುವವರು ಬೆಟ್ಟದ ಕಡೆಯವರು ಎಂದು ಅಕ್ಕ ವಿವರಿಸಿದರು. ಅವರಲ್ಲಿ ಅಪ್ಪನ ಮನೆತನದ ಹೆಸರಿನ ಜೊತೆ ಅಮ್ಮನದ್ದನ್ನೂ ಇಟ್ಟುಕೊಳ್ಳುತ್ತಾರಂತೆ. ಇದನ್ನು ಅತ್ತಿಗೆಗೆ ಹೇಳಿದೆ. "ಅಷ್ಟು ನ್ಯಾಯವಂತರ ಊರಾ ಅದು!" ಎಂದು, ಈಗ ಅವರೂ ದಿನಕ್ಕೊಂದು ಪದ ಕೇಳುತ್ತಾರೆ.

ರೇಡಿಯೊದಲ್ಲಿ ಕೇಳಿದ್ದನ್ನೆಲ್ಲ ನಿವೃತ್ತ ಅಂಚೆಯಣ್ಣನಿಗೆ ಗಡ್ಡ ಮಾಡುತ್ತ ಹೇಳುತ್ತಿದ್ದೆ. ಆಮೇಲೆ ಕತ್ತೆಯ ಕಥೆಗೂ ಹೋದೆ. ಮುದುಕಿಯ ಮಂಡಿನೋವಿನ ಹತ್ತಿರ ಅವರು ಕಿಸಕ್ಕನೆ ನಕ್ಕರು, ಕತ್ತಿ ಕೆನ್ನೆಗೆ ಸೋಕಿತು.

"ನಿನ್ನ ಬಾಯಲ್ಲಿ ಮಾತು ತೆಗೆಸಬೇಕಾದ್ರೆ ನಾವು ರಕ್ತ ಕೊಡಬೇಕೇನಯ್ಯಾ?" ಅಂದರು. ಹತ್ತಿ ಒತ್ತಿ ಹಿಡಿದುಕೊಂಡೇ ಉಳಿದ ಕಥೆ ಕೇಳಿಸಿಕೊಂಡು ಹೋದರು.

ಇನ್ನು ಮೇಲೆ ಕತ್ತಿ ಹಿಡಿದಾಗ ಬರೀ ಬೇಜಾರಿನ ಕಥೆ ಹೇಳಬೇಕು.

ಮೇ ೧೨, ಭಾನುವಾರ

ಊಟದ ಮೇಲೆ ಸೋಬ್ರೆಮೇಸಕ್ಕೆ ಇವತ್ತು ಕನ್ನಡಕದಕ್ಕನೂ ಬಂದಿದ್ದರು. ಅವರ ಅಜ್ಜಿಯ ಇನ್ನೊಂದು ಕಥೆ ನಡೆಯುತ್ತಿತ್ತು. ಅವರು ಸ್ಪ್ಯಾನಿಷ್‌ನಲ್ಲಿ ಒಂದು ತುಂಡು ಹೇಳುವುದು, ನಾನು ಅತ್ತಿಗೆಗೆ ನಮ್ಮ ಮಾತಿನಲ್ಲಿ ಹೇಳುವುದು. ಅಕ್ಕ ನೀರು ಕುಡಿಯಲು ನಿಲ್ಲಿಸಿದರು.

"ಇ... ಲೆ... ಲೆವೇಗೊ?"

ಆಮೇಲೆ ಏನಾಯ್ತು ಎಂದು ಕೇಳುವುದಕ್ಕೆ ಅವರಲ್ಲಿ ಹಾಗೆ ಅನ್ನುತ್ತಾರೆ. ಕಥೆ ನಿಂತಾಗಲೆಲ್ಲ ನಾನು ಅನ್ನುವ ಮಾತು ಅದು. "ಲೆ ಅಲ್ಲ, ಲುವೇಗೊ. ತುಟಿ ಮುಂದೆ ಮಾಡಬೇಕು" ಎಂದು ತಿದ್ದಿದೆ.

ತಿದ್ದಿದ ಮೇಲೆ ಅತ್ತಿಗೆಯ ಮುಖ ನೋಡಿದೆ. ಆಮೇಲೆ ಅಣ್ಣನ ಮುಖ.

ಅಣ್ಣ ತುಟಿ ಮುಂದೆ ಮಾಡಿ ಮತ್ತೆ ಅಂದ. ಸರಿಯಾಗಿ ಬಂತು.

ಕನ್ನಡಕದಕ್ಕ ಗಾಬರಿಪಡದೆ, ದಿನಾ ಕೇಳುವವನಿಗೆ ಹೇಳುವ ಹಾಗೆ ಕಥೆ ಮುಂದುವರಿಸಿದರು. ಅವರು ಕಣ್ಣು ಬಲ್ಲವರು. ಎಲ್ಲಿ ನೋಡಬಾರದು ಎಂದೂ ಗೊತ್ತು. ಅತ್ತಿಗೆ ಮಾತ್ರ ತಟ್ಟೆಗಳನ್ನು ತೆಗೆದುಕೊಂಡು ಹೋಗಿ ಅಡುಗೆಮನೆಯಲ್ಲಿ ಬಹಳ ಹೊತ್ತು ನೀರು ಬಿಟ್ಟುಕೊಂಡಿದ್ದರು.

ಸಂಜೆ ಅತ್ತಿಗೆಯನ್ನು ಕೇಳಿದೆ, ಟೀಚರಮ್ಮ ಎಷ್ಟು ಹೇಳಿದರೂ ನಮ್ಮ ಮಾತಲ್ಲಿ ಬಾಯಿ ತೆರೆಯದವನು ಇದರಲ್ಲಿ ಹೇಗೆ ತೆರೆದ ಎಂದು.

"ನಮ್ಮ ಮಾತಲ್ಲಿ ಅವ್ರು ರೇಡಿಯೊ ಕಣೋ" ಅಂದರು ಅತ್ತಿಗೆ. "ತಡವರಿಸಿದ್ರೆ ಅವಮಾನ. ಇದ್ರಲ್ಲಿ ತಡವರಿಸದೇ ಇರೋರು ಈ ಮನೇಲಿ ಯಾರಿದಾರೆ? ದಿನಾ ಅವ್ರ ಮುಂದೆ ಎಡವಿ ಬೀಳ್ತಿರೋದು ನೀನೇ ಅಲ್ವಾ."

ನನ್ನ ಸ್ಪ್ಯಾನಿಷ್ ಅಷ್ಟೇನೂ ಕೆಟ್ಟದಾಗಿಲ್ಲ.

ಮೇ ೨೦, ಸೋಮವಾರ

ಸೆಕೆ. ಅಂಗಡಿಯೊಳಗೆ ಕೂರಲಾಗುತ್ತಿಲ್ಲ. ಅವರ ಹಳ್ಳಿಯಲ್ಲಿ ಇಂಥ ದಿನಗಳಲ್ಲಿ, ಬಿಸಿಲು ಇಳಿದ ಮೇಲೆ ಪ್ರತಿ ಮನೆಯವರೂ ಒಂದೊಂದು ಕುರ್ಚಿ ತಂದು ಬೀದಿಯಲ್ಲಿ ಹಾಕಿಕೊಂಡು ಕೂರುತ್ತಾರಂತೆ. ಆ ಲ ಫ್ರೆಸ್ಕ. ಅಂದರೆ ತಂಪಿಗೆ. ಯಾರೂ ಯಾರನ್ನೂ ಕರೆಯುವುದಿಲ್ಲ. ಕುರ್ಚಿ ಹೊರಗೆ ಬಂತೆಂದರೆ ಮಾತಾಡಬಹುದು ಎಂದರ್ಥ, ಸುಮ್ಮನೆ ಕೂರಬಹುದು ಎಂದೂ ಅರ್ಥ. ಇದನ್ನು ಹೇಳುತ್ತ ಕನ್ನಡಕದಕ್ಕ ಕನ್ನಡಕ ತೆಗೆದು ಒರೆಸಿದರು. "ಇಲ್ಲಿಗೆ ಬಂದ ಮೇಲೆ ನಾನು ಬೀದಿಗೆ ಕುರ್ಚಿ ಹಾಕೇ ಇಲ್ಲ ತಮ್ಮಾ. ಹುಚ್ಚಿ ಅಂತಾರೆ ಅಂತ."

"ನನ್ನ ಈಗಾಗ್ಲೇ ಅಂತಿದಾರೆ. ನಾನು ಹಾಕ್ತೀನಿ" ಅಂದೆ.

ಸಂಜೆ ನಾನೊಂದು ಸ್ಟೂಲು, ಅವರೊಂದು ಕುರ್ಚಿ. ದರ್ಜಿ ಎದುರಿನಿಂದ ಕೂಗಿದ: "ಏನ್ರೋ, ಅಂಗಡಿ ಖಾಲಿ ಮಾಡ್ತಿದೀರಾ?" ನಾನು, "ಇಲ್ಲಪ್ಪ, ನೀನು ಹೊಲಿದ ಅಂಗಿ ಹಾಕ್ಕೊಂಡಿದೀನಿ, ಒಳಗೆ ಗಾಳಿ ಹೋಗಲ್ಲ" ಅಂದೆ. ಬೀದಿಯವರು ನಕ್ಕರು. ದರ್ಜಿ ಸ್ವಲ್ಪ ಹೊತ್ತಿಗೆ ತನ್ನದೊಂದು ಕುರ್ಚಿ ಎತ್ತಿಕೊಂಡು ಈಚೆಗೆ ದಾಟಿ ಬಂದ.

ಅಣ್ಣನನ್ನು ಕರೆದೆ, ಬರಲಿಲ್ಲ. ಆದರೆ ಕಿಟಕಿಯ ಎರಡೂ ಬಾಗಿಲು ತೆರೆದಿದ್ದವು.

ಜೂನ್ ೧, ಶನಿವಾರ

ಇವತ್ತಿನದನ್ನು ನಿಧಾನವಾಗಿ ಬರೆಯಬೇಕು.

ಬಿಸಿಲು ಇಳಿದ ಮೇಲೆ ಎಂದಿನ ಹಾಗೆ ಕೂತಿದ್ದೆವು. ಕನ್ನಡಕದಕ್ಕ, ದರ್ಜಿ, ಅಂಚೆಯಣ್ಣ, ಆಚೀಚೆ ಮನೆಯವರು. ಕತ್ತೆಯ ಕಥೆ ಹೇಳು ಎಂದು ಅಂಚೆಯಣ್ಣ ಹಟ ಹಿಡಿದರು, ಕತ್ತಿ ಕೈಯಲ್ಲಿಲ್ಲದಾಗ ಒಮ್ಮೆ ಕೇಳಬೇಕಂತೆ. ಶುರುಮಾಡಿದೆ. ಹಿಂದೆ ಮೆಟ್ಟಿಲ ಮೇಲೆ ಸದ್ದಾಯಿತು. ಅತ್ತಿಗೆ ಕುರ್ಚಿ ಹಿಡಿದು ಮುಂದೆ, ಅಣ್ಣ ಹಿಂದೆ. ಯಾರೂ ಏಳಲಿಲ್ಲ, ಯಾರೂ ಹೇಗಿದ್ದೀಯ ಅನ್ನಲಿಲ್ಲ. ಕನ್ನಡಕದಕ್ಕ ತಮ್ಮ ಕುರ್ಚಿಯನ್ನು ಒಂದು ಗೇಣು ಸರಿಸಿದರು, ಅಷ್ಟೆ. ಅಣ್ಣ ಕೂತ.

ನಾನು ಹೇಳುತ್ತಾ ಹೋದೆ. ಕತ್ತೆ ಊರ ಕೊನೆಯ ಬಾಗಿಲನ್ನೂ ದಾಟಿತು. ಇನ್ನೇನು ಹುಡುಗಿಯ ಊರಿನ ದಾರಿ ಹಿಡಿಸಬೇಕು, ಅಣ್ಣ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟ.

"ಓತ್ರ ಕಾಸ."

ಇನ್ನೊಂದು ಮನೆ. ಇಲ್ಲ ಅಣ್ಣ, ಊರು ಮುಗೀತು ಅಂದೆ. ಅವನು ಅಡ್ಡಡ್ಡ ತಲೆಯಾಡಿಸಿದ. ಎಲ್ಲರೂ ಅವನನ್ನೇ ನೋಡುತ್ತಿದ್ದರು. ನಾನು ಬಾಯಿ ತೆರೆದೆ, ಅತ್ತಿಗೆ ನನ್ನ ಕಾಲು ತುಳಿದರು. ಮುಚ್ಚಿದೆ.

"ಇ... ಇನ್ನೊಂದು ಮನೆ" ಅಂದ ಅಣ್ಣ. ನಮ್ಮ ಮಾತಲ್ಲಿ! "ದೊಡ್ಡದು. ಬಾ... ಬಾ..." ಪದ ಬರಲಿಲ್ಲ. ಸಿಟ್ಟು ಬಂತು, ಬಿಟ್ಟ. ಮತ್ತೆ ಹಿಡಿದ. ಕೈಯಿಂದ ಗಾಳಿಯಲ್ಲಿ ಚೌಕ ಬರೆದ, ಅದನ್ನು ಅಳಿಸಿದ. "ಬಾಗಿಲು... ಇಲ್ಲ."

"ಬಾಗಿಲೇ ಇಲ್ಲದ ಮನೆಯಾ?" ಅಂದ ದರ್ಜಿ. ತಮಾಷೆಗಲ್ಲ, ನಿಜವಾಗಿ ಕೇಳಿದ.

ಅಣ್ಣ ಹೂಂಗುಟ್ಟಿದ. "ಕತ್ತೆ... ನಿಂತ್ತು."

"ಬಾಗಿಲಿಲ್ಲದಿದ್ರೆ ಯಾರ ಹತ್ರ ಮಾತಾಡೋದು? ಕತ್ತೆ ಯಾಕೆ ನಿಂತ್ತು? ಆಮೇಲೆ?" ಅಂದ ದರ್ಜಿ.

ಅಣ್ಣ ಸುತ್ತ ಒಮ್ಮೆ ನೋಡಿದ. ಆ ನೋಟ ನನಗೆ ಗೊತ್ತು. ಕಥೆ ಗಿರಾಕಿಯ ಗಂಟಲಲ್ಲಿ ಸಿಕ್ಕಿಕೊಂಡಿದೆಯೋ ಇಲ್ಲವೋ ಎಂದು ಅಳೆಯುವ ನೋಟ. ಎದ್ದ. "ನಾ... ನಾಳೆ" ಅಂದ, ಮೆಟ್ಟಿಲು ಹತ್ತಿ ಹೋಗಿಬಿಟ್ಟ.

"ಇದೇನು ಅನ್ಯಾಯ!" ಎಂದು ಅಂಚೆಯಣ್ಣ ಕೂಗಿದರು. ಅಂಥ ಮನೆ ತಮ್ಮಜ್ಜಿಯ ಕಥೆಯಲ್ಲಿ ಇಲ್ಲವೇ ಇಲ್ಲ ಎಂದು ಕನ್ನಡಕದಕ್ಕ ನನ್ನ ಕಿವಿಯಲ್ಲಿ ಹೇಳಿದರು. "ಇರಬೇಕಾಗಿತ್ತು" ಎಂದೂ ಹೇಳಿದರು.

ಅವನಿಗೆ ಮುಂದಿನದು ಗೊತ್ತಿದೆಯೋ, ಪದ ಸಾಲದೆ ಎದ್ದು ಹೋದನೋ, ನನಗೆ ತಿಳಿಯದು. ಅತ್ತಿಗೆಯೂ ಕೇಳಲಿಲ್ಲ.

ಜೂನ್ ೨, ಭಾನುವಾರ

ಬೆಳಿಗ್ಗೆ ಅಂಗಡಿಯ ಬಾಗಿಲು ಎತ್ತುವ ಮುಂಚೆಯೇ ಹೊರಗೆ ಜಗಳದ ಸದ್ದು. ನಿನ್ನೆ ಕೇಳಿದವರೆಲ್ಲ ನಿಂತಿದ್ದಾರೆ. ಅದು ಉಪ್ಪಿನವನು ಮದುವೆಯಾಗಬೇಕೆಂದಿದ್ದವಳ ಮನೆ, ಅವಳಪ್ಪ ಬಾಗಿಲು ಮುಚ್ಚಿಸಿ ಗೋಡೆ ಕಟ್ಟಿಸಿದ್ದು ಎಂದು ದರ್ಜಿ. ಅಲ್ಲ, ಒಳಗಿದ್ದವರೇ ಕಟ್ಟಿಕೊಂಡದ್ದು, ಹೊರಗೆ ಬರುವ ಮನಸ್ಸಿಲ್ಲದೆ ಎಂದು ಅಂಚೆಯಣ್ಣ. ಕತ್ತೆಗೆ ವಯಸ್ಸಾಗಿ ಕಣ್ಣು ಮಂಜಾಗಿತ್ತು, ಬಾಗಿಲು ಇದ್ದೇ ಇತ್ತು, ಒಂದು ಕನ್ನಡಕ ಬೇಕಿತ್ತಷ್ಟೆ ಎಂದು ಕನ್ನಡಕದಕ್ಕ.

"ಎಲ್ಲಿ ಅವ್ನು? ಕರಿ ಅವನ್ನ" ಎಂದು ದರ್ಜಿ ನನ್ನ ಮೇಲೆ ಬಿದ್ದ. "ನಂಗೆ ನಿದ್ದೆ ಬರಲಿಲ್ಲ ಕಣಯ್ಯಾ."

ಕರೆಯಬೇಕಾಗಲಿಲ್ಲ. ಅಣ್ಣ ಒಳಬಾಗಿಲಲ್ಲಿದ್ದ. ತಲೆ ಬಾಚಿದ್ದ, ಕೆಲಸದ ಕೋಟು ತೊಟ್ಟಿದ್ದ. ಎಲ್ಲರನ್ನೂ ಒಮ್ಮೆ ನೋಡಿ, ತನ್ನ ಕುರ್ಚಿಯ ಬೆನ್ನ ಮೇಲೆ ಕೈಯಿಟ್ಟ.

"ಕೂ... ಕೂತ್ಕೊಳ್ಳಿ" ಅಂದ. "ಹೇಳ್ತೀನಿ."

ಹಿಂದಿನ ಬೀದಿಯ ಸಲೂನಿನಲ್ಲಿ ನಿನ್ನೆ ತಾನೆ ಗಡ್ಡ ಮಾಡಿಸಿಕೊಂಡು ಬಂದಿದ್ದ ದರ್ಜಿ, ಅಂಚೆಯಣ್ಣನನ್ನು ಮೊಣಕೈಯಿಂದ ತಳ್ಳಿ, ಓಡಿಹೋಗಿ ಕುರ್ಚಿಯಲ್ಲಿ ಕೂತು, ಒಂದೂ ಕೂದಲಿಲ್ಲದ ಕೆನ್ನೆಯನ್ನು ನೊರೆಗೆ ಒಡ್ಡಿದ.